ಕೂಲಿಗೆ ಒದೆದ ಚೆಂಡು

ಕಳೆದ ತಿಂಗಳು ಬೀದರಿನ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಒಂದು ಸಣ್ಣ ಕದನ ನಡೆಯಿತು. ಕದನವೆಂದರೆ ಚಹಾದ ಕಪ್ಪುಗಳಿಗೆ ಅಪಾಯ ಒದಗುವಷ್ಟರದ್ದೇನೂ ಅಲ್ಲ. ಆದರೂ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿದೆ. ಮೊದಲ ವರ್ಷದ ವಿದ್ಯಾರ್ಥಿಗಳಿಗಾಗಿ ವ್ಯಕ್ತಿಚಿತ್ರಗಳ ಒಂದು ಕೈಹೊತ್ತಿಗೆಯನ್ನು ಸಿದ್ಧಪಡಿಸುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಕವಿಗಳು, ದೇಶಭಕ್ತರು, ವಿಜ್ಞಾನಿಗಳು ಹೀಗೆ ಪಟ್ಟಿ ತನ್ನಷ್ಟಕ್ಕೆ ತಾನೇ ಬೆಳೆಯಿತು. ಅದರ ಕೊನೆಗೆ ನಾನೊಂದು ಹೆಸರು ಸೇರಿಸಿದೆ: ಬೆಂಗಳೂರಿನ ಅಹ್ಮದ್ ಖಾನ್, ಫುಟ್‌ಬಾಲ್ ಆಟಗಾರರು.

ಹಿರಿಯರೊಬ್ಬರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಹೊಟ್ಟೆಪಾಡಿಗೆ ಚೆಂಡು ಒದ್ದವರ ಬದುಕಿನಿಂದ ಹುಡುಗರು ಕಲಿಯುವುದೇನ್ರಿ?" ಎಂದರು. ಇನ್ನೊಬ್ಬರು ಮೆಲ್ಲಗೆ, "ಅವರ ಮನೆಮಾತು ಕನ್ನಡವೇನು?" ಎಂದು ಕೇಳಿದರು. ಹೆಸರಿನ ಮೇಲೆ ಕೆಂಪು ಗೆರೆ ಬಿತ್ತು. ಅಲ್ಲಿ ನಾನು ಸೋತೆ. ಸೋತವನಿಗೆ ಪತ್ರಿಕೆಯ ಪುಟವಲ್ಲದೆ ಬೇರೆ ಗತಿಯಿಲ್ಲವಾದ್ದರಿಂದ ವಾಚಕರ ಮುಂದೆ ಬಂದಿದ್ದೇನೆ.

ಅಹ್ಮದ್ ಖಾನರು ಯಾರೆಂದು ಮೊದಲು ಹೇಳಬೇಕು. ಹೇಳಬೇಕಾಗಿ ಬಂದಿರುವುದೇ ನನ್ನ ದೂರು. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಅಲ್ಲಿಯ ಬೆಂಗಳೂರು ಮುಸ್ಲಿಂಸ್ ತಂಡದಲ್ಲಿ ಆಡಿದರು. ಇದು ಸಾಧಾರಣ ತಂಡವಲ್ಲ. ಗೋರಾ ಪಲ್ಟನ್ನುಗಳ ಸೊತ್ತಿನಂತಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿಯೂ ಮರುವರ್ಷವೂ ಗೆದ್ದು ತಂದದ್ದು ಇದೇ ತಂಡ. 1948ರ ಲಂಡನ್ ಒಲಿಂಪಿಕ್ಸಿಗೆ ಹೋದ ಭಾರತ ತಂಡದಲ್ಲಿ ಅಹ್ಮದ್ ಖಾನರಿದ್ದರು, ಬಷೀರ್ ಇದ್ದರು, ಎಸ್. ರಾಮನ್ ಇದ್ದರು, ಮೂವರೂ ಬೆಂಗಳೂರಿನವರು. ಜುಲೈ 31ರಂದು ಫ್ರಾನ್ಸಿನೆದುರು ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಎರಡು ಪೆನಾಲ್ಟಿಗಳು ವ್ಯರ್ಥವಾದವು. ಆಟ ಮುಗಿಯುವ ಹೊತ್ತಿಗೆ ಫ್ರಾನ್ಸ್ 2–1ರಿಂದ ಗೆದ್ದಿತು. ಆ ಒಂದು ಗೋಲು ಹೊಡೆದವರು ರಾಮನ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಬೆಂಗಳೂರಿನ ಕಾಲಿನಿಂದ ಬಂತು! ನಮ್ಮ ವಿದ್ಯಾರ್ಥಿಗಳಲ್ಲಿ ಇದನ್ನು ಬಲ್ಲವರೆಷ್ಟು? ವಿದ್ಯಾರ್ಥಿಗಳು ಹಾಗಿರಲಿ.

ಮುಂದಿನ ವರ್ಷ ಅಹ್ಮದ್ ಖಾನರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು. ವೆಂಕಟೇಶ್, ಅಪ್ಪಾ ರಾವ್, ಧನರಾಜ್, ಸಾಲೆ, ಅಹ್ಮದ್ ಖಾನ್ ಈ ಐವರನ್ನು ಬಂಗಾಳಿಗಳು ಪಂಚಪಾಂಡವರೆಂದು ಕರೆದರು. ದಕ್ಷಿಣದಿಂದ ಬಂದ ಐವರನ್ನು, ಅವರಲ್ಲಿ ಇಬ್ಬರು ಮುಸಲ್ಮಾನರನ್ನು, ದೇಶವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ಕಾಲದಲ್ಲಿ, ಪೂರ್ವ ಬಂಗಾಳದಿಂದ ಮನೆಮಾರು ಕಳೆದುಕೊಂಡು ಬಂದ ಜನ ತಮ್ಮ ಪಾಂಡವರೆಂದು ಹೆಗಲ ಮೇಲೆ ಹೊತ್ತರು. 1949, 1950, 1951ರಲ್ಲಿ ಆ ಕ್ಲಬ್ಬು ಸತತವಾಗಿ ಐ.ಎಫ್.ಎ. ಶೀಲ್ಡ್ ಗೆದ್ದಿತು. ಚೆಂಡು ಅಹ್ಮದ್ ಖಾನರ ಕಾಲಿಗೆ ಅಂಟಿಕೊಂಡು ಹೊರಳುವುದನ್ನು ಕಂಡವರು ಅವರನ್ನು ಹಾವಾಡಿಗನೆಂದರು. 1951ರ ದಿಲ್ಲಿ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಸ್ವರ್ಣ ಗೆದ್ದಾಗ ಅವರು ತಂಡದಲ್ಲಿದ್ದರು. ಮರುವರ್ಷ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯಾ ನಮ್ಮನ್ನು 10–1ರಿಂದ ಬಡಿಯಿತು. ಆ ಒಂದು ಗೋಲು ಅಹ್ಮದ್ ಖಾನರದು.

ಇನ್ನು ಹೊಟ್ಟೆಪಾಡಿನ ಮಾತು. ಬೆಂಗಳೂರಿನ ತರುಣನೊಬ್ಬ ವರ್ಷಾನುಗಟ್ಟಲೆ ಕಲ್ಕತ್ತೆಯಲ್ಲಿ ಉಳಿದದ್ದು ಗಾಳಿ ಕುಡಿದು ಅಲ್ಲ. ಆ ಕಾಲದ ಕ್ಲಬ್ಬುಗಳು ಆಟಗಾರರಿಗೆ ಊಟ ವಸತಿ ನೋಡುತ್ತಿದ್ದವು, ಕೈಯಲ್ಲಿಷ್ಟು ಇಡುತ್ತಿದ್ದವು, ಎಲ್ಲಾದರೊಂದು ನೌಕರಿ ಕೊಡಿಸುತ್ತಿದ್ದವು. ಆದರೆ ಇದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಒಲಿಂಪಿಕ್ ಕೂಟದ ಬಾಗಿಲು ಆಗ ಹವ್ಯಾಸಿಗಳಿಗೆ ಮಾತ್ರ ತೆರೆದಿತ್ತು. ಸಮಾಜವಾದಿ ದೇಶಗಳ 'ಹವ್ಯಾಸಿ'ಗಳು ಸರ್ಕಾರದ ಸಂಬಳದಲ್ಲಿ ದಿನವಿಡೀ ಆಡುತ್ತಿದ್ದರು. ನಮ್ಮವರು ಬೇರೆ ಕೆಲಸದ ನಡುವೆ ಆಡಿ, ಸಿಕ್ಕ ನಾಲ್ಕು ಕಾಸನ್ನೂ ಬಚ್ಚಿಡಬೇಕಿತ್ತು. ದೂರವೇಕೆ, ಬೀದರ ಭಾಲ್ಕಿ ಔರಾದುಗಳು ಹೈದರಾಬಾದ್ ರಾಜ್ಯದಲ್ಲಿದ್ದ ದಿನಗಳಲ್ಲೇ, 1950ರಿಂದ 1954ರವರೆಗೆ, ಹೈದರಾಬಾದ್ ಸಿಟಿ ಪೊಲೀಸ್ ತಂಡ ಐದು ವರ್ಷ ಬಿಡದೆ ರೋವರ್ಸ್ ಕಪ್ ಗೆದ್ದಿತು. ಆ ಆಟಗಾರರ ಅನ್ನ ಪೊಲೀಸ್ ಇಲಾಖೆಯ ಪಗಾರದಿಂದ ಬರುತ್ತಿತ್ತು. ಅವರನ್ನು ತಿದ್ದಿದ ಎಸ್.ಎ. ರಹೀಮರು ಮೂಲತಃ ನಮ್ಮ ಹಾಗೆಯೇ ಮಾಸ್ತರರು.

ಹಣ ಮುಟ್ಟದೆ ಆಡುವುದು ಶ್ರೇಷ್ಠವೆಂಬ ವಿಚಾರವನ್ನು ನಾವು ಆಂಗ್ಲರಿಂದ ಕಡ ತಂದೆವು. ಅವರು ಅದನ್ನು ಕೈಬಿಟ್ಟ ಸುದ್ದಿ ಮಾತ್ರ ನಮಗೆ ತಲುಪಲಿಲ್ಲ. 1883ರಲ್ಲಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಎಂಬ ತಂಡ ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳನ್ನು ಸೋಲಿಸಿ ಇಂಗ್ಲೆಂಡಿನ ಎಫ್.ಎ. ಕಪ್ ಗೆದ್ದಿತು. ಗೆದ್ದವರು ನೇಕಾರರು, ಎರಕದ ಕೆಲಸದವರು, ಕೊಳಾಯಿ ಕೆಲಸದವರು. ಶ್ರೀಮಂತನಿಗೆ ಹವ್ಯಾಸ ಸುಲಭ. ಆಟಕ್ಕೆಂದು ಗಿರಣಿ ತಪ್ಪಿಸಿದ ನೇಕಾರನಿಗೆ ಅಂದಿನ ಕೂಲಿ ಹೋಗುತ್ತದೆ. ಆ ಕೂಲಿಯನ್ನು ತುಂಬಿಕೊಡುವುದು ಅನ್ಯಾಯವಲ್ಲವೆಂದು ಅಲ್ಲಿಯ ಸಂಸ್ಥೆ 1885ರಲ್ಲಿ ಒಪ್ಪಿಕೊಂಡಿತು. ಆ ತಲೆಮಾರಿನವರೇ ಆರ್ಥರ್ ವಾರ್ಟನ್. 1865ರಲ್ಲಿ ಆಫ್ರಿಕದ ಅಕ್ರಾದಲ್ಲಿ ಹುಟ್ಟಿ, 1886ರಲ್ಲಿ ನೂರು ಗಜವನ್ನು ಹತ್ತು ಸೆಕೆಂಡಿನಲ್ಲಿ ಓಡಿ, 1889ರಲ್ಲಿ ರಾದರಮ್ ಟೌನ್ ತಂಡಕ್ಕೆ ಸಂಬಳದ ಗೋಲ್‌ಕೀಪರ್ ಆದವರು. ಇಂಗ್ಲೆಂಡಿನ ಮೊದಲ ಕರಿಯ ವೃತ್ತಿಪರ ಆಟಗಾರರೆಂದು ಗಣ್ಯರಾದವರು. ಕೊನೆಗೆ ಕಲ್ಲಿದ್ದಲ ಗಣಿಯಲ್ಲಿ ದುಡಿದು 1930ರಲ್ಲಿ ತೀರಿಕೊಂಡರು. ಗೋರಿಯ ಮೇಲೊಂದು ಹೆಸರಿರಲಿಲ್ಲ. 1997ರಲ್ಲಿ, 67 ವರ್ಷಗಳ ಮೇಲೆ, ಕಲ್ಲು ನೆಟ್ಟರು. ತಡವಾಯಿತು, ಆದರೆ ನೆಟ್ಟರು.

ಇನ್ನು ನಮ್ಮ ಹಿರಿಯ ಮಿತ್ರರಿಗೆ ಅವರ ಪಾಂಡಿತ್ಯದಿಂದಲೇ ಒಂದು ಮಾತು. ಪಂಪನಿಗೆ ಅರಿಕೇಸರಿ ಧರ್ಮವುರವೆಂಬ ಅಗ್ರಹಾರ ಕೊಟ್ಟನಲ್ಲ, ಆಗ ಪಂಪನ ಕಾವ್ಯ ಮಲಿನವಾಯಿತೆ? ಆ ಪಂಪನನ್ನು ಪಾಠ ಹೇಳಿ ನಾವು ತಿಂಗಳ ಮೊದಲ ವಾರ ಬ್ಯಾಂಕಿನತ್ತ ನಡೆಯುವಾಗ ನಮ್ಮ ರಸಿಕತೆ ಎಲ್ಲಿ ಅಡಗಿರುತ್ತದೆ? ಕಲ್ಯಾಣ ನಮ್ಮದೇ ಜಿಲ್ಲೆಯಲ್ಲಿದೆ. ಅಲ್ಲಿ ಕೂಡಿದ ಶರಣರಲ್ಲಿ ವೇಷ ಕಟ್ಟಿ ಆಡುವ ಬಹುರೂಪಿ ಚೌಡಯ್ಯನಿದ್ದ, ಜನರನ್ನು ನಗಿಸಿ ಬದುಕುವ ನಗೆಯ ಮಾರಿತಂದೆಯಿದ್ದ, ಢಕ್ಕೆ ಬಾರಿಸುವ ಬೊಮ್ಮಣ್ಣನಿದ್ದ. ಜನರ ಕಣ್ಣಿಗೆ ಕಿವಿಗೆ ಸುಖ ಕೊಟ್ಟು ಅನ್ನ ಸಂಪಾದಿಸುವುದನ್ನು ಅವರು ಕಾಯಕವೆಂದರು. ವರ್ಷಕ್ಕೊಮ್ಮೆ ಬಸವ ಜಯಂತಿಯ ವೇದಿಕೆಯಿಂದ ಕಾಯಕದ ಮಹಿಮೆ ಹೇಳುವವರು ಚೆಂಡಾಟಗಾರನ ಬೆವರಿಗೆ ಮಾತ್ರ ಮೂಗು ಮುಚ್ಚಿಕೊಳ್ಳುವುದು ನನಗೆ ಅರ್ಥವಾಗಿಲ್ಲ.

ಮನೆಮಾತಿನ ಪ್ರಶ್ನೆಗೆ ಉತ್ತರಿಸಲು ನನಗೆ ನಾಚಿಕೆಯಾಗುತ್ತದೆ. ಬೇರೆಲ್ಲಾದರೂ ಕೇಳಿದ್ದರೆ ಅಜ್ಞಾನವೆನ್ನಬಹುದಿತ್ತು. ಬೀದರಿನಲ್ಲಿ, ಗವಾನನ ಮದರಸೆಯಿರುವ ಊರಿನಲ್ಲಿ, ಒಂದೇ ಓಣಿಯಲ್ಲಿ ಕನ್ನಡ ಮರಾಠಿ ಉರ್ದು ತೆಲುಗು ನಾಲ್ಕೂ ಕೇಳಿಸುವ ಕಡೆ, ಮನೆಯಲ್ಲಿ ಮರಾಠಿ ಆಡಿ ತರಗತಿಯಲ್ಲಿ ರನ್ನನನ್ನು ಬೋಧಿಸುವ ಗೆಳೆಯರ ನಡುವೆ ಕುಳಿತು ಕೇಳಿದ ಪ್ರಶ್ನೆ ಇದು! ಈ ಅಳತೆಗೋಲಿನಿಂದ ಅಳೆದರೆ ಅಂದು ಆ ಕೊಠಡಿಯಲ್ಲಿ ಅರ್ಧ ಕುರ್ಚಿಗಳು ಖಾಲಿಯಾಗಬೇಕಿತ್ತು.

1961ರಲ್ಲಿ ಅರ್ಜುನ ಪ್ರಶಸ್ತಿ ಆರಂಭವಾಯಿತು. ಫುಟ್‌ಬಾಲ್ ಪಟುಗಳ ಪಟ್ಟಿಯಲ್ಲಿ ಅಹ್ಮದ್ ಖಾನರ ಹೆಸರಿಲ್ಲ. 2017ರ ಆಗಸ್ಟಿನಲ್ಲಿ ಅವರು ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು. ತೊಂಬತ್ತು ವರ್ಷ ನಮ್ಮ ನಡುವೆ ಇದ್ದವರು.

ಇದೆಲ್ಲವನ್ನೂ ನಾನು ನುಂಗಿಕೊಂಡು ಸುಮ್ಮನಿರುತ್ತಿದ್ದೆನೇನೋ. ಆದರೆ ಆ ಕದನವಾದ ವಾರವೇ ಔರಾದ ತಾಲೂಕಿನ ಒಬ್ಬ ರೈತರು ಮಗನನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗ ನನ್ನ ವಿದ್ಯಾರ್ಥಿ. ಭಾಲ್ಕಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಹೈಸ್ಕೂಲು ಮುಗಿಸಿದವನು, ನೆಹರು ಕ್ರೀಡಾಂಗಣದಲ್ಲಿ ಸಂಜೆಯೆಲ್ಲ ಚೆಂಡಿನ ಹಿಂದೆ ಇರುವವನು. ಬೆಂಗಳೂರಿನ ಒಂದು ತಂಡ ಅವನನ್ನು ಪರೀಕ್ಷಿಸಿ ನೋಡಿ, ಊಟ ವಸತಿಯ ಜೊತೆಗೆ ತಿಂಗಳಿಗೆ ಇಷ್ಟೆಂದು ಕೊಡುವುದಾಗಿ ಕರೆದಿತ್ತು. ತಂದೆ ಬಹಳ ಹೊತ್ತು ತೊಗರಿಯ ಧಾರಣೆ ಮಾತಾಡಿದರು. ಆಮೇಲೆ ರುಮಾಲು ಸರಿಮಾಡಿಕೊಂಡು, "ಸರ್, ಆಟ ಆಡಿ ಪಗಾರ ತಗೊಂಡ್ರ ಮಂದಿಯೊಳಗ ಮರ್ಯಾದಿ ಹೋಗಂಗಿಲ್ಲೇನ್ರಿ?" ಎಂದರು.

ಅದೇ ಪ್ರಶ್ನೆ. ಆದರೆ ಇವರ ದನಿಯಲ್ಲಿ ತಿರಸ್ಕಾರವಿರಲಿಲ್ಲ, ಭಯವಿತ್ತು. ನಾನು ಸುಳ್ಳು ಹೇಳಲಿಲ್ಲ. ಕಾಲು ಮುರಿದರೆ ಕೇಳುವವರಿಲ್ಲ, ನೂರು ಜನರಲ್ಲಿ ನಿಲ್ಲುವವರು ಕೆಲವರೇ, ಡಿಗ್ರಿಯನ್ನು ಬಿಡಕೂಡದು ಎಂದೆ. ಮರ್ಯಾದೆಯ ಮಾತು ಮಾತ್ರ ಮನಸ್ಸಿನಿಂದ ತೆಗೆದುಹಾಕಿರಿ ಎಂದೆ. ಅಹ್ಮದ್ ಖಾನರ ಕಥೆ ಹೇಳಿದೆ. ಹುಡುಗ ಬಾಯಿ ತೆರೆದುಕೊಂಡು ಕೇಳಿದ. ಹೊರಡುವಾಗ ಅಂಗಳದಲ್ಲಿ ನಿಂತು, "ಸರ್, ಅವರದು ಕನ್ನಡದಾಗ ಓದಾಕ ಪುಸ್ತಕ ಏನರ ಐತೇನ್ರಿ?" ಎಂದ.

ನನ್ನ ಕಪಾಟಿನಲ್ಲಿ ಇರಲಿಲ್ಲ. ಕೈಹೊತ್ತಿಗೆಗೆಂದು ಬರೆದು, ಕೆಂಪು ಗೆರೆ ಬಿದ್ದು ಮರಳಿ ಬಂದ ಎಂಟು ಹಾಳೆಗಳಿದ್ದವು. ಅವನ್ನೇ ಮಡಿಸಿ ಕೊಟ್ಟೆ.