28ನೇ ದಿನದ ಸಹಿ

2019ರ ಮಾರ್ಚ್ 19, ಮಂಗಳವಾರ. ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡವೊಂದು ಮಧ್ಯಾಹ್ನ ನೋಡನೋಡುತ್ತಿದ್ದಂತೆ ಕುಸಿಯಿತು. ಮೇಲೆ ಕೆಲಸ ನಡೆದಿತ್ತು, ಕೆಳಗೆ ಆಗಲೇ ಅಂಗಡಿಗಳು ತೆರೆದಿದ್ದವು. 19 ಜನ ಸತ್ತರು. ಅವಶೇಷಗಳಡಿ ಸಿಕ್ಕಿಕೊಂಡವರನ್ನು ಹೊರತೆಗೆಯುವ ಕೆಲಸ ಹಗಲು ರಾತ್ರಿ ನಡೆಯಿತು. ನಾನು ಆಗ ಸಿವಿಲ್ ಎಂಜಿನಿಯರಿಂಗ್ ನಾಲ್ಕನೇ ಸೆಮಿಸ್ಟರ್‌ನಲ್ಲಿದ್ದೆ. ಗೆಳೆಯರ ಜೊತೆ ಹೋಗಿ ಪೊಲೀಸರು ಕಟ್ಟಿದ ಹಗ್ಗದ ಈಚೆ ನಿಂತಿದ್ದೆ. ಪುಸ್ತಕದಲ್ಲಿ ಮಾತ್ರ ನೋಡಿದ್ದ ಕಾಲಮ್ಮು, ಬೀಮು, ಸ್ಲ್ಯಾಬುಗಳು ಒಂದರ ಮೇಲೊಂದು ರೊಟ್ಟಿ ಪೇರಿಸಿದಂತೆ ಬಿದ್ದಿದ್ದವು.

ಆ ರಾತ್ರಿ ಹಾಸ್ಟೆಲ್‌ನಲ್ಲಿ ದೊಡ್ಡ ವಾದ ನಡೆಯಿತು. ಮಾಲೀಕರ ಆಸೆ ಎಂದರು ಕೆಲವರು, ಪಾಲಿಕೆಯ ನಿರ್ಲಕ್ಷ್ಯ ಎಂದರು ಕೆಲವರು. ಮುಂದೆ ಮಾಲೀಕರ ಬಂಧನವಾಯಿತು, ಒಬ್ಬ ಎಂಜಿನಿಯರ್ ಬಂಧನವೂ ಆಯಿತು, ಪಾಲಿಕೆಯ ಅಧಿಕಾರಿಗಳು ಅಮಾನತಾದರು. ಎಂಜಿನಿಯರ್ ಎಂಬ ಪದ ಸುದ್ದಿಯಲ್ಲಿ ಬಂದಾಗ ಮಾತ್ರ ನಮ್ಮ ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಎರಡು ವರ್ಷ ಕಳೆದರೆ ನಾವೂ ಅದೇ.

ವೃತ್ತಿ ನೀತಿಯನ್ನು ನಮಗೆ ಕಲಿಸಲಿಲ್ಲ ಎಂದಲ್ಲ. ಸಂವಿಧಾನದ ಜೊತೆ ಸೇರಿಸಿದ ಒಂದು ಕ್ರೆಡಿಟ್‌ನ ವಿಷಯವಿತ್ತು. ಪ್ರಶ್ನೆಗೆ ನಾಲ್ಕು ಉತ್ತರ, ಸರಿಯಾದದ್ದಕ್ಕೆ ಗುರುತು. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾಗದವರನ್ನು ನಾನು ಕಂಡಿಲ್ಲ. ಅಲ್ಲಿ ಸರಿಯಾದ ಉತ್ತರ ಯಾವಾಗಲೂ ನಾಲ್ಕರಲ್ಲಿ ಒಂದಾಗಿ ಎದುರಿಗೇ ಇರುತ್ತಿತ್ತು. ಸೈಟಿನಲ್ಲಿ ಹಾಗಿರುವುದಿಲ್ಲ.

2021ರಲ್ಲಿ ಡಿಗ್ರಿ ಮುಗಿಸಿ ಹುಬ್ಬಳ್ಳಿಯ ಒಬ್ಬ ಗುತ್ತಿಗೆದಾರರ ಬಳಿ ಸೇರಿದೆ. ಹೆಸರು ಬೇಡ. ಮೂರು ಮಹಡಿಯ ವಸತಿ ಕಟ್ಟಡ. ಎರಡನೇ ಸ್ಲ್ಯಾಬ್ ಹಾಕುವ ದಿನ ಗೌಂಡಿ ಮಿಕ್ಸರ್‌ಗೆ ಪೈಪ್ ಬಿಟ್ಟು ನಿಂತಿದ್ದ. 50 ಕಿಲೋ ಸಿಮೆಂಟ್ ಚೀಲಕ್ಕೆ 25 ಲೀಟರ್ ಆಸುಪಾಸು ನೀರು ಸಾಕು ಎಂದು ಲೆಕ್ಕ ಹೇಳಿದೆ. ‘ನೀರ ಕಮ್ಮಿ ಆತಂದ್ರ ಮಾಲ್ ಹರಿಯೂದಿಲ್ರಿ ಸಾಹೇಬ್ರ’ ಎಂದ. ಅವನದೂ ತಪ್ಪಲ್ಲ, ಸಂಜೆಯೊಳಗೆ ಮುಗಿಸಬೇಕು, ಬುಟ್ಟಿ ಹೊತ್ತವರ ಕೈ ಸೋತಿರುತ್ತದೆ. ನೀರು ಹೆಚ್ಚಾದಷ್ಟೂ ಕೆಲಸ ಹಗುರ. ಆದರೆ ಹೆಚ್ಚಾದ ನೀರು ಆರಿದ ಮೇಲೆ ಅದು ಇದ್ದ ಜಾಗ ಟೊಳ್ಳಾಗಿ ಉಳಿಯುತ್ತದೆ, ಕಾಂಕ್ರೀಟಿನ ಬಲ ಅಲ್ಲಿಂದಲೇ ಸೋರಿಹೋಗುತ್ತದೆ.

ಅದೇ ಮಾಲಿನಿಂದ 15 ಸೆಂಟಿಮೀಟರ್ ಘನಗಳನ್ನು ತುಂಬಿ, ನೀರಿನಲ್ಲಿಟ್ಟು, 28ನೇ ದಿನ ಯಂತ್ರದಲ್ಲಿ ಒತ್ತಿ ನೋಡುವುದು ಪದ್ಧತಿ. ನಮ್ಮದು ಎಂ25 ಕಾಂಕ್ರೀಟ್. 560 ಕಿಲೋನ್ಯೂಟನ್ ದಾಟಬೇಕಿದ್ದ ಮುಳ್ಳು 400ರ ಹತ್ತಿರವೇ ನಿಂತಿತು, ಘನ ಒಡೆಯಿತು. ಅಂದರೆ 25 ಇರಬೇಕಾದ ಬಲ 18ಕ್ಕೂ ಕಡಿಮೆ. ಮೂರು ಘನಗಳದ್ದೂ ಹೆಚ್ಚುಕಡಿಮೆ ಅದೇ ಕಥೆ.

ಈ 28 ದಿನವೇ ನಮ್ಮ ವೃತ್ತಿಯ ದೊಡ್ಡ ಇಕ್ಕಟ್ಟು. ಫಲಿತಾಂಶ ಕೈಗೆ ಬರುವ ಹೊತ್ತಿಗೆ ಆ ಸ್ಲ್ಯಾಬಿನ ಮೇಲೆ ಮುಂದಿನ ಮಹಡಿಯ ಕಾಲಮ್ಮುಗಳು ಎದ್ದಿರುತ್ತವೆ, ಸೆಂಟ್ರಿಂಗ್ ನಿಂತಿರುತ್ತದೆ, ಮಾಲೀಕರು ಬ್ಯಾಂಕಿನ ಮುಂದಿನ ಕಂತಿಗೆ ಅರ್ಜಿ ಹಾಕಿರುತ್ತಾರೆ. ಸತ್ಯ ತಡವಾಗಿ ಬರುತ್ತದೆ, ಬಂದಾಗ ಬಹಳ ದುಬಾರಿಯಾಗಿರುತ್ತದೆ. ಹಾಗಂತ ದಾರಿಯೇ ಇಲ್ಲ ಎಂದಲ್ಲ. ಗಟ್ಟಿಯಾದ ಸ್ಲ್ಯಾಬಿನಿಂದ ಕೋರ್ ಕೊರೆದು ಪರೀಕ್ಷಿಸಬಹುದು, ಭಾರ ಹೇರಿ ನೋಡಬಹುದು, ವಿನ್ಯಾಸ ಮಾಡಿದವರನ್ನು ಕರೆಸಿ ಲೆಕ್ಕ ಮತ್ತೆ ಹಾಕಿಸಬಹುದು. ಐಎಸ್ 456 ಇದನ್ನೆಲ್ಲ ಹೇಳುತ್ತದೆ. ಎಲ್ಲಕ್ಕೂ ಕೆಲಸ ನಿಲ್ಲಿಸಬೇಕು.

ನಮ್ಮ ಹಿರಿಯ ಎಂಜಿನಿಯರು ರಿಜಿಸ್ಟರ್ ತೆರೆದು 25.8 ಎಂದು ಬರೆದು ನನ್ನ ಕಡೆ ತಳ್ಳಿದರು. ‘ತಮ್ಮಾ, ಎಲ್ಲಾ ಕಡೆ ಹಿಂಗ ನಡಿತೈತಿ. ನೀ ಮಾಡ್ಲಿಲ್ಲಂದ್ರ ಇನ್ನೊಬ್ಬಾವ ಮಾಡ್ತಾನ’ ಎಂದರು. ಬೈಯಲಿಲ್ಲ, ಹೆದರಿಸಲಿಲ್ಲ, ಚಹಾ ತರಿಸಿದರು. ಆ ತಿಂಗಳು ಶಿಕ್ಷಣ ಸಾಲದ ಕಂತು ಶುರುವಾಗಿತ್ತು. ಊರಲ್ಲಿ ಅವ್ವ ‘ನಮ್ಮ ಹುಡುಗ ಎಂಜಿನಿಯರ್ ಆಗ್ಯಾನ’ ಎಂದು ಹೇಳಿಕೊಂಡು ಓಡಾಡುತ್ತಿದ್ದಳು.

ನಾನು ಸಹಿ ಮಾಡಿದೆ.

ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ಲಂಚ, ದೊಡ್ಡ ಹಗರಣ, ಸೂಟ್‌ಕೇಸ್ ಇಂಥವನ್ನೇ ನಾವು ಅನೈತಿಕತೆ ಎಂದುಕೊಂಡಿರುತ್ತೇವೆ. ನಮ್ಮ ಪಾಲಿಗೆ ಅದು ಒಂದು ಕಪ್ ಚಹಾದ ಜೊತೆ ಬರುತ್ತದೆ.

ಎದುರು ನಿಂತವರ ಕಥೆ ನಮಗೆ ಗೊತ್ತಿಲ್ಲದ್ದೇನಲ್ಲ. ಕೋಲಾರ ಚಿನ್ನದ ಗಣಿಯ ಹುಡುಗ ಎಸ್. ಮಂಜುನಾಥ್ ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಎಂಬಿಎ ಮುಗಿಸಿ ಇಂಡಿಯನ್ ಆಯಿಲ್ ಸೇರಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಬಂಕ್ ಮೇಲೆ ಕ್ರಮ ಕೈಗೊಂಡದ್ದಕ್ಕೆ 2005ರ ನವೆಂಬರ್‌ನಲ್ಲಿ ಗುಂಡಿಗೆ ಬಲಿಯಾದರು. ಅದಕ್ಕೂ ಎರಡು ವರ್ಷ ಮೊದಲು ಹೆದ್ದಾರಿ ಕಾಮಗಾರಿಯ ಅಕ್ರಮದ ಬಗ್ಗೆ ದೂರು ಬರೆದಿದ್ದ ಎಂಜಿನಿಯರ್ ಸತ್ಯೇಂದ್ರ ದುಬೆ ಗಯಾದಲ್ಲಿ ಕೊಲೆಯಾಗಿದ್ದರು. ಇವರನ್ನು ನೆನೆಯಲೇಬೇಕು. ಆದರೆ ಇವರನ್ನಷ್ಟೇ ಮಾದರಿ ಮಾಡಿದರೆ ಒಂದು ಅಪಾಯವಿದೆ. ಪ್ರಾಮಾಣಿಕತೆ ಎಂದರೆ ಪ್ರಾಣ ಕೊಡುವುದು, ಅದು ನನ್ನಂಥವನ ಕೈಲಾಗದು ಎಂದು ಸುಲಭವಾಗಿ ಸಹಿ ಹಾಕಿಬಿಡುತ್ತೇವೆ. ನನ್ನ ಸೈಟಿನಲ್ಲಿ ಯಾರೂ ಬಂದೂಕು ಹಿಡಿದಿರಲಿಲ್ಲ. ಹೆಚ್ಚೆಂದರೆ ಕೆಲಸ ಹೋಗುತ್ತಿತ್ತು.

ಕೆಲಸ ಹೋಗುವುದು ಸಣ್ಣ ಮಾತಲ್ಲ ಎಂಬುದನ್ನೂ ಒಪ್ಪಬೇಕು. ಇಲ್ಲಿ ವ್ಯವಸ್ಥೆಯ ಮಾತು ಬರುತ್ತದೆ. ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆ ಇದೆ, ಅವರದೇ ಪರಿಷತ್ತಿದೆ. ವೈದ್ಯರು, ವಕೀಲರು ತಪ್ಪಿದರೆ ನೋಂದಣಿ ಕಳೆದುಕೊಳ್ಳುತ್ತಾರೆ. ಎಂಜಿನಿಯರಿಗೆ ದೇಶಮಟ್ಟದಲ್ಲಿ ಅಂಥ ಕಾಯ್ದೆ ಇಲ್ಲ. ನೋಂದಣಿ ಇಲ್ಲದವನಿಗೆ ಕಳೆದುಕೊಳ್ಳಲು ಏನಿದೆ ಎಂದು ನಗಬಹುದು, ಆದರೆ ನಷ್ಟ ನಮ್ಮದೇ. ‘ಇದಕ್ಕೆ ಸಹಿ ಮಾಡಿದರೆ ನನ್ನ ಲೈಸೆನ್ಸ್ ಹೋಗುತ್ತದೆ ಸರ್’ ಎಂದು ಹೇಳಬಹುದಾಗಿದ್ದರೆ ಆ ದಿನ ನನಗೊಂದು ಆಸರೆ ಇರುತ್ತಿತ್ತು. ವೈಯಕ್ತಿಕ ಧೈರ್ಯವೊಂದರ ಮೇಲೇ ಕಟ್ಟಡಗಳನ್ನು ನಿಲ್ಲಿಸುವುದು ಕೆಟ್ಟ ವಿನ್ಯಾಸ. 1983ರಲ್ಲಿ ಬೆಂಗಳೂರಿನ ಗಂಗಾರಾಮ್ ಕಟ್ಟಡ ಕುಸಿದು 120ಕ್ಕೂ ಹೆಚ್ಚು ಜನ ಸತ್ತರು. ಧಾರವಾಡದ ದುರಂತ ಅದಾಗಿ 36 ವರ್ಷಕ್ಕೆ. ಪ್ರತಿ ಸಲವೂ ಬಂಧನ, ಅಮಾನತು, ತನಿಖೆ. ಕ್ಯೂಬ್ ರಿಜಿಸ್ಟರ್ ತುಂಬುವ 22 ವರ್ಷದ ಹುಡುಗನ ಬೆನ್ನಿಗೆ ಯಾರಿರುತ್ತಾರೆ ಎಂಬ ಪ್ರಶ್ನೆ ಮಾತ್ರ ತನಿಖೆಯ ವ್ಯಾಪ್ತಿಗೆ ಬರುವುದಿಲ್ಲ.

ಮರುವರ್ಷ ಇನ್ನೊಂದು ಸೈಟಿನಲ್ಲಿ, ಇನ್ನೊಬ್ಬರ ಬಳಿ ಇದ್ದೆ. ನಾಲ್ಕೂವರೆ ಮೀಟರ್ ಮೀರಿದ ಸ್ಲ್ಯಾಬಿನ ಕೆಳಗಿನ ಆಸರೆ ಕಂಬಗಳನ್ನು 14 ದಿನ ತೆಗೆಯಬಾರದು. ಎಂಟನೇ ದಿನಕ್ಕೇ ಸಾಮಾನು ಬೇರೆ ಕಡೆ ಬೇಕೆಂದು ಗಾಡಿ ಬಂದು ನಿಂತಿತು. ಈ ಸಲ ನಾನು ವಾದಕ್ಕೆ ಇಳಿಯಲಿಲ್ಲ. ಸೈಟ್ ಆರ್ಡರ್ ಬುಕ್ಕಿನಲ್ಲಿ ದಿನಾಂಕ, ಸಮಯ ಹಾಕಿ ‘14 ದಿನವಾಗುವವರೆಗೆ ತೆಗೆಯಲು ನನ್ನ ಒಪ್ಪಿಗೆ ಇಲ್ಲ’ ಎಂದು ಬರೆದೆ. ಫೋಟೊ ತೆಗೆದು ಗುತ್ತಿಗೆದಾರರಿಗೂ ವಿನ್ಯಾಸ ಮಾಡಿದ ಎಂಜಿನಿಯರಿಗೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನ್ ಬಂತು, ಬೈಗುಳವೂ ಬಂತು. ಗಾಡಿ ಖಾಲಿಯಾಗಿ ಹೋಯಿತು. ಬರಹದಲ್ಲಿರುವ ಮಾತನ್ನು ದಾಟಲು ಹಿಂಜರಿಯುತ್ತಾರೆ. ಕೋರ್ಟು, ಪೊಲೀಸು ನೋಡುವುದು ಅದನ್ನೇ ಎಂದು ಅವರಿಗೂ ಗೊತ್ತು. ಆ ಎರಡು ಸಾಲು ಬರೆಯುವುದನ್ನು ಕಾಲೇಜಿನಲ್ಲಿ ಯಾರಾದರೂ ಕಲಿಸಿದ್ದರೆ ಮೊದಲ ಸೈಟಿನಲ್ಲೂ ಬರೆಯುತ್ತಿದ್ದೆನೇನೋ. ಮೂರು ತಿಂಗಳಾದ ಮೇಲೆ ಆ ಕೆಲಸ ಬಿಡಬೇಕಾಯಿತು, ಅದು ಬೇರೆ ಮಾತು. ಈಗಿನ ಕೆಲಸದಲ್ಲಿ ಸಂಬಳ ಸ್ವಲ್ಪ ಕಡಿಮೆ.

ನಾನು ಸಹಿ ಮಾಡಿದ ಆ ಕಟ್ಟಡ ನಿಂತಿದೆ. ವಿನ್ಯಾಸದಲ್ಲಿ ಸುರಕ್ಷತೆಗೆಂದು ಬಿಟ್ಟಿರುವ ಹೆಚ್ಚುವರಿ ಬಲ ಅದನ್ನು ಕಾಪಾಡುತ್ತಿರಬಹುದು. ಕಳೆದ ತಿಂಗಳು ಬೇಕೆಂದೇ ಆ ಓಣಿಗೆ ಹೋಗಿ ಎರಡನೇ ಮಹಡಿಯ ಕದ ತಟ್ಟಿದೆ. ಗೇಟಿನಲ್ಲಿ ಮಕ್ಕಳ ಸೈಕಲ್ ಇತ್ತು. ಕಟ್ಟಡಕ್ಕೆ ಕೆಲಸ ಮಾಡಿದವನು ಎಂದಾಗ ಮನೆಯವರು ಖುಷಿಯಿಂದ ಒಳಗೆ ಕರೆದರು. ಹೇಳಬೇಕಾದ್ದನ್ನು ಹೇಳಿದೆ, ಕೋರ್ ಪರೀಕ್ಷೆ ಮಾಡಿಸಿ ಎಂದೆ. ಮನೆಯ ಯಜಮಾನರು ಬಹಳ ಹೊತ್ತು ಸ್ಲ್ಯಾಬನ್ನೇ ನೋಡಿದರು. ಆಮೇಲೆ, ‘ಎಷ್ಟ ಖರ್ಚ ಬರ್ತೈತ್ರಿ ಅದಕ್ಕ?’ ಎಂದು ಕೇಳಿದರು.