ಜಾಗಟೆಯೂ ದುಡಿಯೂ

ಕಥೆ ಎಂದೊಡನೆ ನಮ್ಮ ಮನೆಗಳಲ್ಲಿ ಹಿರಿಯರಿಗೆ ಪುರಾಣವೂ ಕಿರಿಯರಿಗೆ ಧಾರಾವಾಹಿಯೂ ನೆನಪಾಗುವುದು ಸಹಜ. ಇವೆರಡರ ನಡುವೆ ಇನ್ನೊಂದು ಬಗೆಯ ಕಥೆಗಳಿವೆ. ಊರಿಗೆ ರಸ್ತೆಯೋ ಯಂತ್ರವೋ ಕಚೇರಿಯೋ ಹೊಸದಾಗಿ ಬಂದಾಗ ಕೈದುಡಿಮೆಯನ್ನೇ ನಂಬಿದ ಮನುಷ್ಯನಿಗೆ ಏನಾಯಿತೆಂಬುದನ್ನು ಅವು ಹೇಳುತ್ತವೆ. ಅಂಥ ಕೆಲವನ್ನು ಓದುಗ ಬಂಧುಗಳ ಮುಂದಿಡುವುದು ಈ ತಿಂಗಳ ಉದ್ದೇಶ.

ನಾನು ಇದನ್ನು ಬರೆಯುತ್ತಿರುವ ತ್ರಾಸಿಯು ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯ ಮೇಲಿನ ಊರು. ಪಡುವಣಕ್ಕೆ ಕಡಲು. ಗಂಗೊಳ್ಳಿಯ ದಾರಿ ಕವಲೊಡೆಯುವುದು ಇಲ್ಲಿಯೇ. ತುಸು ಬಡಗಣಕ್ಕೆ ಸಾಗಿದರೆ ಮರವಂತೆ. ಅಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆ. ಹಿಂದೆ 17ನೆಯ ಸಂಖ್ಯೆಯದಾಗಿದ್ದ ಹೆದ್ದಾರಿ ಈಗ 66 ಆಗಿದೆ, ಚತುಷ್ಪಥವಾಗಿದೆ. ಪ್ರವಾಸಿಗಳು ಇಳಿದು ಚಿತ್ರ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಇದೇ ಕರಾವಳಿಯ ಮರಳಿನ ಮೇಲೆ ಹಿಂದೆ ರಂಪಣಿ ಎಳೆಯುತ್ತಿದ್ದರು. ದೋಣಿಯಲ್ಲಿ ಕೊಂಡೊಯ್ದು ನೀರಿನಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡೂ ತುದಿಯ ಹಗ್ಗಗಳನ್ನು ದಡದಿಂದ ಹತ್ತಾರು ಜನ ಕೂಡಿ ಜಗ್ಗುವ ಮಹಾಜಾಲ ಅದು. ಬಂದ ಬಂಗುಡೆ, ಬೂತಾಯಿ ಪಾಲಿನ ಲೆಕ್ಕದಲ್ಲಿ ಹಂಚಿಕೆಯಾಗುತ್ತಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ಮೀನಿನ ಹಿಂಡು ದಡದ ಸಮೀಪಕ್ಕೆ ಬರುವ ಮೊದಲೇ ಅವು ಅದನ್ನು ಬಳಸಿ ಹಿಡಿದವು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಎಷ್ಟು ಟನ್ನು ಮೀನು ಬಂತೆಂಬುದಕ್ಕೆ ಇಲಾಖೆಯ ಕಡತ ಉತ್ತರ ಕೊಡುತ್ತದೆ. ಹಗ್ಗ ಹಿಡಿದಿದ್ದ ಕೈ ಮರುದಿನ ಬೆಳಗ್ಗೆ ಏನು ಮಾಡಿತೆಂಬುದನ್ನು ಹೇಳಬಲ್ಲವನು ಕಥೆಗಾರನೊಬ್ಬನೇ.

ತೈವಾನ್ ದ್ವೀಪದ ಯೀಲಾನ್ ಪ್ರಾಂತದಲ್ಲಿ 1935ರಲ್ಲಿ ಜನಿಸಿದ ಹ್ವಾಂಗ್ ಚುನ್‌ಮಿಂಗ್ ಅಂಥ ಕಥೆಗಾರರು. ಆಂಗ್ಲ ಅನುವಾದದಲ್ಲಿ ಅವರ ಕಥೆಗಳು ದೊರೆಯುತ್ತವೆ. 1969ರಲ್ಲಿ ಪ್ರಕಟವಾದ ಅವರ ‘ಜಾಗಟೆ’ ಎಂಬ ನೀಳ್ಗತೆಯ ನಾಯಕ ಒಂದು ಸಣ್ಣ ಪಟ್ಟಣದ ಡಂಗುರದವನು. ಮಗು ಕಾಣೆಯಾದರೆ, ತೆರಿಗೆ ಕಟ್ಟಬೇಕಾದರೆ, ಗುಡಿಯಲ್ಲಿ ಉತ್ಸವವಾದರೆ ಜಾಗಟೆ ಬಡಿದು ಬೀದಿಬೀದಿಯಲ್ಲಿ ಸಾರುವುದು ಅವನ ವೃತ್ತಿ. ಒಂದು ದಿನ ಧ್ವನಿವರ್ಧಕ ಕಟ್ಟಿದ ಮೂರು ಚಕ್ರದ ಗಾಡಿಯೊಂದು ಊರಿಗೆ ಬರುತ್ತದೆ. ಅಂದಿನಿಂದ ಇವನನ್ನು ಕರೆಯುವವರಿಲ್ಲ. ಯುದ್ಧಕಾಲದ ಹಳೆಯ ಬಾಂಬುರಕ್ಷಣೆಯ ಗವಿಯಲ್ಲಿ ವಾಸ. ಹೊಟ್ಟೆಪಾಡಿಗಾಗಿ ಶವಪೆಟ್ಟಿಗೆಯ ಅಂಗಡಿಯೆದುರು ಸಾವಿನ ಕೆಲಸಕ್ಕೆ ಕಾದು ಕೂರುವವರ ಗುಂಪನ್ನು ಸೇರುತ್ತಾನೆ. ಯಾರಾದರೂ ಸತ್ತರೆ ಊಟ ಎಂಬ ಸ್ಥಿತಿ!

ಕಥೆಯ ಕೊನೆಯಲ್ಲಿ ತೆರಿಗೆಯ ವಿಷಯ ಸಾರಲು ಅವನಿಗೆ ಮತ್ತೆ ಕರೆ ಬರುತ್ತದೆ. ಆನಂದ ಉಕ್ಕುತ್ತದೆ. ಈ ಅವಕಾಶ ಕೈಬಿಡಬಾರದೆಂದು, ಕೊಟ್ಟ ಮಾತಿಗೆ ತನ್ನದೇ ಎಚ್ಚರಿಕೆಯ ನುಡಿಗಳನ್ನು ಸೇರಿಸಿ, ಹಿಂದೆಂದೂ ಬಡಿಯದಷ್ಟು ಜೋರಾಗಿ ಬಡಿಯುತ್ತಾನೆ. ಜಾಗಟೆ ಒಡೆದುಹೋಗುತ್ತದೆ. ಲೇಖಕರು ಇಲ್ಲಿ ಯಾರನ್ನೂ ದೂಷಿಸಿಲ್ಲ. ಧ್ವನಿವರ್ಧಕದವನು ಖಳನಲ್ಲ, ಡಂಗುರದವನೂ ಸಾಧುವಲ್ಲ. ಅವನು ಸಣ್ಣಪುಟ್ಟ ಸುಳ್ಳುಗಾರ, ಜಂಬಗಾರ. ಹಾಗಿದ್ದೂ ಅವನ ನೋವು ನಮ್ಮದಾಗುತ್ತದೆ.

ಈ ಜಾಗಟೆಯ ಸದ್ದಿನೊಡನೆ ಕನ್ನಡಿಗನ ಕಿವಿಗೆ ಕೇಳಿಸಬೇಕಾದದ್ದು ಇನ್ನೊಂದು ವಾದ್ಯ. ಇಲ್ಲಿಗೆ ದಕ್ಷಿಣಕ್ಕಿರುವ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರ ‘ಚೋಮನ ದುಡಿ’ 1933ರದು. ಅದು ಕಾದಂಬರಿಯೇ ಆದರೂ ಗಾತ್ರದಲ್ಲಿ ಕಿರಿದು, ಒಂದೆರಡು ಸಂಜೆಗಳಲ್ಲಿ ಓದಿ ಮುಗಿಸಬಹುದು. ಅನೇಕರು ಅದನ್ನು ದುಡಿ ಬಾರಿಸುವವನ ಕಥೆಯೆಂದು ಭಾವಿಸುವುದುಂಟು. ನನ್ನ ಅಭಿಪ್ರಾಯದಲ್ಲಿ ಅದು ಅರ್ಧಸತ್ಯ. ಚೋಮನಿಗೆ ಬೇಕಾದದ್ದು ದುಡಿಯಲ್ಲ, ಗದ್ದೆ. ಜೋಡೆತ್ತು ಸಾಕಿಕೊಂಡು, ಒಡೆಯ ಸಂಕಪ್ಪಯ್ಯನ ಹತ್ತಿರ ಬೇಸಾಯಕ್ಕೆ ಭೂಮಿ ಬೇಡಿದವನು ಅವನು. ಹುಟ್ಟಿದ ಜಾತಿಯ ಕಾರಣಕ್ಕೆ ಅದು ಸಿಗಲಿಲ್ಲ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋದರು. ಕಾಫಿ ತೋಟವೆಂದರೆ ಆ ಕಾಲದ ಆಧುನಿಕತೆಯೇ ಅಲ್ಲವೆ? ಅದು ದುಡಿಮೆಯನ್ನು ತೆಗೆದುಕೊಂಡಿತು, ಸಾಲವನ್ನು ಉಳಿಸಿತು. ದುಡಿ ಬಾರಿಸುವುದು ಬೇರೆ ಯಾವ ದಾರಿಯೂ ಉಳಿಯದ ರಾತ್ರಿಗಳಲ್ಲಿ. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಈ ಕರಾವಳಿಯ ಅಸಂಖ್ಯ ಗೇಣಿದಾರರು ಒಡೆಯರಾದರು, ನಿಜ. ಆದರೆ ಚೋಮನಂಥವನಿಗೆ ಗೇಣಿಯೂ ಇರಲಿಲ್ಲ. ಅರ್ಜಿಯಲ್ಲಿ ತುಂಬಲು ಅವನ ಬಳಿ ಏನಿತ್ತು?

ಇಲ್ಲಿ ಒಂದು ಮಾತು ಪ್ರಾಸಂಗಿಕ. ಚೋಮ ಕೊರಗನಲ್ಲ. ಆದರೆ ಡೋಲಿನ ವಿಚಾರ ಬಂದಾಗ ಈ ಜಿಲ್ಲೆಗಳ ಕೊರಗ ಬಂಧುಗಳನ್ನು ಮರೆಯಲಾಗದು. ಕಂಬಳ ಮೊದಲಾದ ಕಡೆಗಳಲ್ಲಿ ಅವರಿಂದ ಡೋಲು ಬಡಿಸುವುದು ಬಹುಕಾಲ ಬಲವಂತದ ಚಾಕರಿಯಾಗಿತ್ತು. ಅಜಲು ಎಂಬ ಆ ಅಮಾನುಷ ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಪ್ರತ್ಯೇಕ ಶಾಸನವೇ ಬೇಕಾಯಿತು. ಹಳೆಯ ವಾದ್ಯ ಮೌನವಾಯಿತೆಂದು ಕಣ್ಣೀರಿಡುವ ಪಟ್ಟಣದ ರಸಿಕರು ಆ ವಾದ್ಯ ಯಾರ ಹೆಗಲಿನಲ್ಲಿತ್ತು, ಯಾರ ಅಪ್ಪಣೆಯಿಂದ ಮೊಳಗುತ್ತಿತ್ತು ಎಂದು ಮೊದಲು ವಿಚಾರಿಸಬೇಕು.

ಪೂರ್ಣಚಂದ್ರ ತೇಜಸ್ವಿಯವರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನ 1973ರದು. ಅದರ ಶೀರ್ಷಿಕೆಯ ಕಥೆಯಲ್ಲಿ ಮಲೆನಾಡಿನ ಹಳ್ಳಿಯೊಂದಕ್ಕೆ ಅಂಚೆ ಬರುತ್ತದೆ. ಬಂದ ಕಾಗದಗಳು ಪೋಸ್ಟ್ ಮಾಸ್ತರಾದ ಬೋಬಣ್ಣನ ಸಂಸಾರದ ನೆಮ್ಮದಿಯನ್ನೇ ಕಲಕುತ್ತವೆ. ಅದೇ ಸಂಕಲನದ ‘ತಬರನ ಕತೆ’ಯನ್ನಂತೂ ಪ್ರತಿ ಮನೆಯಲ್ಲಿ ಒಬ್ಬರು ಓದಿ ಉಳಿದವರು ಕೇಳಬೇಕು. ಪಡುಗೆರೆಯ ಪುರಸಭೆಯಲ್ಲಿ ಬ್ರಿಟಿಷರ ಕಾಲದಿಂದ ದುಡಿದ ತಬರ ನಿವೃತ್ತನಾಗುತ್ತಾನೆ. ಮಧುಮೇಹದಿಂದ ಹೆಂಡತಿಯ ಕಾಲು ಕೊಳೆಯುತ್ತಿದೆ. ಪಿಂಚಣಿ ಬಂದರೆ ಚಿಕಿತ್ಸೆ. ಅವನು ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ, ಕಾಗದ ಮೇಜಿನಿಂದ ಮೇಜಿಗೆ ಚಲಿಸುತ್ತದೆ. ಕಾಗದಕ್ಕೆ ಅವಸರವಿಲ್ಲ, ಗಾಯಕ್ಕಿದೆ. ಗಿರೀಶ ಕಾಸರವಳ್ಳಿಯವರು ಇದನ್ನು ಚಲನಚಿತ್ರ ಮಾಡಿದರು. 1986ನೆಯ ಸಾಲಿನ ರಾಷ್ಟ್ರೀಯ ಶ್ರೇಷ್ಠ ಚಿತ್ರ ಪ್ರಶಸ್ತಿ ಅದಕ್ಕೆ ದೊರೆಯಿತು.

ಮೂವರನ್ನೂ ಒಟ್ಟಿಗೆ ನಿಲ್ಲಿಸಿ ನೋಡೋಣ. ಡಂಗುರದವನು ಧ್ವನಿವರ್ಧಕವನ್ನು ಒಡೆಯಹೋಗಲಿಲ್ಲ. ಮತ್ತೊಂದು ಕರೆಗಾಗಿ ಕಾದ. ಚೋಮ ಹಳೆಯ ಜೀತವನ್ನು ಹಾಡಿ ಹೊಗಳಲಿಲ್ಲ, ರೈತನಾಗಬಯಸಿದ. ತಬರ ಕೇಳಿದ್ದು ಸರಕಾರದ ನಿಯಮವೇ ತನಗೆ ಮಾತುಕೊಟ್ಟ ಹಣ. ಹೊಸ ಕಾಲ ಬೇಡವೆಂದು ಇವರಲ್ಲಿ ಒಬ್ಬನೂ ಹೇಳಿಲ್ಲ. ಹೊಸ ಕಾಲದಲ್ಲಿ ನನ್ನ ಜಾಗ ಎಲ್ಲಿ ಎಂದಷ್ಟೇ ಕೇಳಿದ್ದಾರೆ. “ಹಿಂದಿನ ಕಾಲವೇ ಚೆನ್ನಾಗಿತ್ತು” ಎನ್ನುವ ನನ್ನ ವಯಸ್ಸಿನವರೂ, “ಕಾಲಕ್ಕೆ ಹೊಂದಿಕೊಳ್ಳಲಾರದವರು ಹಿಂದೆ ಬೀಳುತ್ತಾರೆ” ಎನ್ನುವ ನಮ್ಮ ಮೊಮ್ಮಕ್ಕಳೂ ಈ ಪ್ರಶ್ನೆಯನ್ನು ಸಮನಾಗಿ ತಪ್ಪಿಸಿಕೊಳ್ಳುತ್ತಿದ್ದಾರೆಂದು ನನಗೆ ತೋರುತ್ತದೆ.

ಹ್ವಾಂಗ್ ಅವರ ಇನ್ನೊಂದು ಕಥೆ 1968ರದು. ಮಕ್ಕಳಿರುವ ಮನೆಯವರು ಅದನ್ನು ವಿಶೇಷವಾಗಿ ಗಮನಿಸಬೇಕು. ಕುನ್‌ಶು ಎಂಬ ಬಡವ ಮಗುವಿನ ಹೊಟ್ಟೆಗಾಗಿ ಸಿನಿಮಾ ಮಂದಿರದ ಜಾಹೀರಾತನ್ನು ಮೈಗೆ ಕಟ್ಟಿಕೊಂಡು, ಮುಖಕ್ಕೆ ವಿದೂಷಕನ ಬಣ್ಣ ಬಳಿದು, ಬಿಸಿಲಿನಲ್ಲಿ ಊರು ಸುತ್ತುತ್ತಾನೆ. ನೋಡಿದವರು ನಗುತ್ತಾರೆ. ಹಸುಗೂಸು ಮಾತ್ರ ಆ ಬಣ್ಣದ ಮುಖವನ್ನು ಕಂಡು ಕೈಚಾಚುತ್ತದೆ. ಕೊನೆಗೆ ಗಾಡಿ ತುಳಿದು ಜಾಹೀರಾತು ಮಾಡುವ ಕೆಲಸ ಸಿಕ್ಕಿ, ವೇಷ ಕಳಚುವ ಭಾಗ್ಯ ಬರುತ್ತದೆ. ಅವನು ಮುಖ ತೊಳೆದು ಮಗುವನ್ನು ಎತ್ತಿಕೊಳ್ಳುತ್ತಾನೆ. ಮಗು ಗುರುತು ಹಿಡಿಯದೆ ಚೀರಿ ಅಳುತ್ತದೆ. ಅವನು ಕನ್ನಡಿಯೆದುರು ಕುಳಿತು, ಹೆಂಡತಿ ಬೆರಗಾಗಿ ನೋಡುತ್ತಿರುವಂತೆಯೇ, ಮತ್ತೆ ಬಣ್ಣ ಹಚ್ಚಿಕೊಳ್ಳತೊಡಗುತ್ತಾನೆ.