ಬಾಣಂತಿಯ ಬಿಡುವಿಗೆ ಕೂಲಿ

ದುಡಿಯದ ದಿನಕ್ಕೆ ಕೂಲಿಯೇಕೆ ಎನ್ನುವವರುಂಟು. ಹಡೆದು ಕೂಸನ್ನು ಸಾಕುವುದು ದುಡಿಮೆಯಲ್ಲವೆ ಎಂದು ನಾನು ಅವರನ್ನು ಕೇಳುತ್ತೇನೆ.

1961ರ ಹೆರಿಗೆ ಸೌಲಭ್ಯ ಕಾಯಿದೆ ಹೆರಿಗೆಯ ನಂತರ ಆರು ವಾರ ಹೆಂಗಸರಿಂದ ಕೆಲಸ ಮಾಡಿಸಕೂಡದೆಂದಿತು. 2017ರಲ್ಲಿ ಸಂಬಳದ ರಜೆ 26 ವಾರಕ್ಕೆ ಏರಿತು. ಅದು ಕಾರಖಾನೆ, ಕಚೇರಿಯವರಿಗೆ ದಕ್ಕಿತು. ತುಂಗಭದ್ರೆಯ ದಂಡೆಯ ನಮ್ಮ ಹಮ್ಮಿಗಿಯಂಥ ಊರುಗಳ ಕೂಲಿ ಹೆಣ್ಣುಮಕ್ಕಳಿಗೆ 2005ರ ಉದ್ಯೋಗ ಖಾತರಿ ಕಾಯಿದೆ ಬಂದಿತು. ಕೆಲಸದ ಸ್ಥಳಕ್ಕೆ ಆರು ವರ್ಷದೊಳಗಿನ ಐದು ಮಕ್ಕಳು ಬಂದರೆ ನೋಡಿಕೊಳ್ಳಲು ಒಬ್ಬಾಕೆಯನ್ನು ನೇಮಿಸಬೇಕೆಂದು ಅದು ಹೇಳಿತು. ಬಾಣಂತಿ ಮನೆಯಲ್ಲುಳಿದರೆ ಕೂಲಿ ಕೊಡಬೇಕೆಂದು ಹೇಳಲಿಲ್ಲ. ಕೂಲಿಯಿಲ್ಲದ ಬಿಡುವು ಬಡವರ ಮನೆಯಲ್ಲಿ ಉಪವಾಸವೇ ಸರಿ.

ಆದುದರಿಂದ ಹೆತ್ತ ಮೇಲಿನ ಆರು ವಾರಗಳನ್ನು ತಾಯಿಯ ಹಾಜರಿಯೆಂದೇ ಬರೆದು ಪೂರ್ತಿ ಕೂಲಿ ಕೊಡಬೇಕು. ತಂದೆಗೂ ಒಂದು ವಾರ ಸಲ್ಲಬೇಕು. ಮಿತ್ರರೆ, ನಾಳೆ ಅಧಿಕಾರದ ಕುರ್ಚಿಯಲ್ಲಿ ಕೂಡುವ ನಾವು ಇದನ್ನು ಮರೆಯಬಾರದು.